ಹೊಸ ಪಲ್ಲಿ ಏಳುವವರೆಗೆ ಹಳೆ ಮಿಂಬರ್ ಎಲ್ಲಿರಬೇಕು?

ಕರಾವಳಿಯ ಯಾವ ಮೊಹಲ್ಲಾಕ್ಕೆ ಹೋದರೂ ಒಂದಲ್ಲ ಒಂದು ಪಲ್ಲಿಯ ನವೀಕರಣದ ಮಾತು ಕೇಳುತ್ತದೆ. ಜನ ಹೆಚ್ಚಾಗಿದ್ದಾರೆ. ಜುಮಾದ ದಿನ ಸಫ್ ಅಂಗಳ ದಾಟಿ ರಸ್ತೆಗೆ ಬರುತ್ತದೆ. ಹಂಚಿನ ಮಾಡು ಸೋರುತ್ತದೆ, ತೊಲೆಗೆ ಗೆದ್ದಲು ಹಿಡಿದಿದೆ. ಹಾಗಾಗಿ ಹೊಸದು ಕಟ್ಟುವುದು ತಪ್ಪಲ್ಲ, ಎಷ್ಟೋ ಕಡೆ ಅದು ಬೇಕೇ ಬೇಕು. ಗಲ್ಫ್‌ನಲ್ಲಿ ದುಡಿಯುವ ಮಕ್ಕಳ ಹಣ, ಊರಿನ ವ್ಯಾಪಾರಿಗಳ ಹಣ, ಮನೆ ಹೆಂಗಸರು ಬಿಚ್ಚಿ ಕೊಟ್ಟ ಬಳೆ, ಎಲ್ಲ ಸೇರಿ ಒಂದು ಪಲ್ಲಿ ಏಳುತ್ತದೆ.

ಕೆಲಸ ಶುರುವಾಗುವ ಮೊದಲು ಕಮಿಟಿಯವರು ಕೂತು ಮಾತಾಡುತ್ತಾರೆ. ಐದು ಹೊತ್ತಿನ ನಮಾಝ್ ಎಲ್ಲಿ? ಮದ್ರಸದ ಹಾಲ್‌ನಲ್ಲಿ. ಜುಮಾ ಎಲ್ಲಿ? ಮದ್ರಸ ಸಾಲದಿದ್ದರೆ ಪಕ್ಕದ ಜಾಗದಲ್ಲಿ ಶೀಟ್ ಹಾಕಿದ ಶೆಡ್. ವುಝೂಗೆ ಸಾಲಾಗಿ ನಲ್ಲಿ, ಮೈಕ್‌ಗೆ ಕರೆಂಟ್, ಉಸ್ತಾದರಿಗೆ ಬಾಡಿಗೆ ರೂಮು. ಇದಕ್ಕೆಲ್ಲ ಮಿನಿಟ್ಸ್ ಪುಸ್ತಕದಲ್ಲಿ ಒಂದೊಂದು ಸಾಲು ಇರುತ್ತದೆ. ಆದರೆ ಹಳೆ ಪಲ್ಲಿಯ ಒಳಗೆ ಇರುವ ಸಾಮಾನು ಎಲ್ಲಿಗೆ ಹೋಗಬೇಕು ಎನ್ನುವ ಪ್ರಶ್ನೆಗೆ ಮಾತ್ರ ಹೆಚ್ಚಿನ ಕಡೆ ಸಾಲಿಲ್ಲ. ಜೆಸಿಬಿ ಬರುವ ಹಿಂದಿನ ದಿನ ಯಾರೋ ನಾಲ್ಕು ಜನ ಹುಡುಗರು ಕೈಗೆ ಸಿಕ್ಕಿದ್ದನ್ನು ಹೊರಗೆ ತರುತ್ತಾರೆ, ಅಷ್ಟೇ.

ಒಳಗೆ ಎಂತ ಇರುತ್ತದೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಮೂರು ಮೆಟ್ಟಿಲಿನ ಮರದ ಮಿಂಬರ್, ಅದರ ಬದಿಯಲ್ಲಿ ಬಳ್ಳಿ ಹೂವಿನ ಕೆತ್ತನೆ. ಖತೀಬರು ಖುತುಬಾದ ಹೊತ್ತಿಗೆ ಹಿಡಿಯುವ ಮರದ ವಾಳ್. ನಮಾಝಿನ ಹೊತ್ತು ತಿಳಿಸಲು ಬಡಿಯುತ್ತಿದ್ದ ನಗಾರಿ, ಈಗ ಚರ್ಮ ಹರಿದು ಅಟ್ಟ ಸೇರಿದ್ದು. ಕೀಲಿ ಕೊಡುವ ಗಡಿಯಾರ. ತೂಗುದೀಪದ ಹಿತ್ತಾಳೆ ಸರಪಳಿ. ಕಟ್ಟಿದ ವರ್ಷ, ಕಟ್ಟಿಸಿದವರ ಹೆಸರು ಅರಬಿಯಲ್ಲಿ ಕೊರೆದ ಹಲಗೆ ಅಥವಾ ಕಲ್ಲು. ದರ್ಸ್ ನಡೆದ ಪಲ್ಲಿಯಾದರೆ ಅಟ್ಟದ ಪೆಟ್ಟಿಗೆಯಲ್ಲಿ ಕಿತಾಬುಗಳು. ಕೆಲವು ಅಚ್ಚಿನವು, ಕೆಲವು ಮುತಅಲ್ಲಿಮರು ಕೈಯಲ್ಲೇ ಬರೆದುಕೊಂಡವು, ಅಂಚಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿ. ಅರಬಿ ಮಲಯಾಳಂ ಲಿಪಿಯ ಮಾಲೆ, ಮೌಲಿದ್, ಸಬೀನ. ಮತ್ತೆ ಲೆಕ್ಕದ ಪುಸ್ತಕ. ಯಾರು ತೆಂಗಿನ ಗಿಡದ ಫಲ ಪಲ್ಲಿಗೆ ಬಿಟ್ಟರು, ಯಾರು ದೀಪದ ಎಣ್ಣೆಗೆ ಗದ್ದೆ ಬಿಟ್ಟರು, ಯಾವ ಮನೆಯಿಂದ ವಾರಕ್ಕೆ ಎಷ್ಟು ಹಿಡಿ ಅಕ್ಕಿ ಬಂತು.

ಇದನ್ನು ಮ್ಯೂಸಿಯಂ ಎಂದು ನಾವು ಯಾರೂ ಕರೆದಿಲ್ಲ. ಆದರೆ ಬ್ಯಾರಿಗಳಿಗೆ ಊರಿನ ಚರಿತ್ರೆಯ ಮ್ಯೂಸಿಯಂ ಅಂತ ಒಂದಿದ್ದರೆ ಅದು ಇದೇ. ನಮ್ಮಲ್ಲಿ ಅರಮನೆ ಇರಲಿಲ್ಲ, ಶಾಸನ ಹಾಕಿಸಿದ ದೊರೆಗಳೂ ಇರಲಿಲ್ಲ. ವ್ಯಾಪಾರ, ಮೀನು, ಬೀಡಿ, ಗದ್ದೆ ಅಂತ ಬದುಕಿದ ಸಾಮಾನ್ಯ ಜನ. ಅವರ ಹೆಸರು ಉಳಿದಿರುವುದು ಪಲ್ಲಿಯ ಲೆಕ್ಕದಲ್ಲಿ ಮತ್ತು ಖಬರ್‌ಸ್ಥಾನದ ಮೀಸಾನ್ ಕಲ್ಲಿನಲ್ಲಿ. ಮೀಸಾನ್ ಕಲ್ಲಿನಲ್ಲೂ ಹೆಚ್ಚಿನವಕ್ಕೆ ಹೆಸರಿಲ್ಲ.

ಕೆಡವಿದ ಮೇಲೆ ಇವೆಲ್ಲ ಎಲ್ಲಿಗೆ ಹೋಗುತ್ತವೆ? ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಜಗಳವಾದೀತು. ಒಂದು ಕಡೆ ಮಿಂಬರನ್ನು ಹಳೆ ಮರದ ವ್ಯಾಪಾರಿಯೊಬ್ಬ ಬಾಗಿಲು, ಕಿಟಕಿಗಳ ಜೊತೆ ಲಾಟಿಗೆ ಸೇರಿಸಿ ಕೊಂಡುಹೋದ. ಕಮಿಟಿಗೆ ಸಿಕ್ಕಿದ ಹಣದಲ್ಲಿ ಎರಡು ಲೋಡ್ ಜಲ್ಲಿ ಬಂತೋ ಇಲ್ಲವೋ. ಇನ್ನೊಂದು ಕಡೆ ನೇತ್ರಾವತಿ ಬದಿಯ ಪಲ್ಲಿ. 1974ರ ನೆರೆಯ ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೋಡೆಯಲ್ಲಿ ಗೀಟು ಎಳೆದು ವರ್ಷ ಬರೆದಿದ್ದರು. ಗೋಡೆ ಹೋದ ಮೇಲೆ ಒಂದು ಫೋಟೋ ಕೂಡ ಉಳಿಯಲಿಲ್ಲ. ಮತ್ತೊಂದು ಕಡೆ ಕಿತಾಬಿನ ಪೆಟ್ಟಿಗೆಯನ್ನು ಹರಿದ ಮುಸ್‌ಹಫ್‌ಗಳ ಜೊತೆ ಗೋಣಿಯಲ್ಲಿ ತುಂಬಿಸಿ ಹೊಳೆಗೆ ಬಿಟ್ಟರು. ಅವರ ನಿಯ್ಯತ್ ಒಳ್ಳೆಯದೇ. ಅಲ್ಲಾಹನ ಹೆಸರಿರುವ ಕಾಗದ ಕಾಲಿನಡಿ ಬೀಳಬಾರದು ಅಂತಲೇ ಹಾಗೆ ಮಾಡಿದ್ದು. ಆದರೆ ಅದರಲ್ಲಿ ಅಚ್ಚಿನ ಪ್ರತಿ ಯಾವುದು, ನಮ್ಮದೇ ಊರಿನ ಮುಸ್ಲಿಯಾರರ ಕೈಬರಹ ಯಾವುದು ಅಂತ ನೋಡಿದವರಿಲ್ಲ. ಅಚ್ಚಿನದ್ದು ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಕೈಬರಹದ್ದು ಲೋಕದಲ್ಲಿ ಅದೊಂದೇ.

ಈಗ ಸ್ವಲ್ಪ ದೂರದ ಒಂದು ಉದಾಹರಣೆ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ಪಟ್ಟಣಕ್ಕೆ ತನ್ನದೇ ಚರಿತ್ರೆಯ ಮ್ಯೂಸಿಯಂ ಉಂಟು. 1926ರಲ್ಲಿ ಶುರುವಾದದ್ದು, 1975ರಿಂದ ಪಟ್ಟಣದ ಹಳೆ ಯತೀಂಖಾನೆಯ ಕಟ್ಟಡದಲ್ಲಿ ಇತ್ತು. 1580ರಿಂದ 1960ರವರೆಗೆ ಅನಾಥ ಮಕ್ಕಳು ಬೆಳೆದ ಕಟ್ಟಡ ಅದು. ಅದಕ್ಕೆ ದೊಡ್ಡ ದುರಸ್ತಿ ಬೇಕಾಯಿತು, ವರ್ಷಗಟ್ಟಲೆಯ ಕೆಲಸ. ಅವರು ಬಾಗಿಲು ಹಾಕಿ ಬೋರ್ಡು ನೇತು ಹಾಕಿ ಸುಮ್ಮನಾಗಲಿಲ್ಲ. 2022ರಲ್ಲಿ ಆಮ್‌ಸ್ಟೆಲ್ ಹೊಳೆ ಬದಿಯ ಇನ್ನೊಂದು ದೊಡ್ಡ ಕಟ್ಟಡದ ಒಂದು ಭಾಗಕ್ಕೆ ತಾತ್ಕಾಲಿಕವಾಗಿ ಹೋದರು. ಆ ಕಟ್ಟಡವೂ ಸುಮ್ಮನೆ ಕಟ್ಟಡವಲ್ಲ. 1680ರ ದಶಕದಲ್ಲಿ ಆಸರೆಯಿಲ್ಲದ ಮುದುಕಿಯರಿಗಾಗಿ ಚರ್ಚಿನವರು ಕಟ್ಟಿಸಿದ್ದು, 2007ರವರೆಗೂ ವೃದ್ಧರು ಅಲ್ಲಿದ್ದರು. ಯತೀಂಖಾನೆಯಿಂದ ಹೊರಟ ಚರಿತ್ರೆ ಮುದುಕಿಯರ ಮನೆಯಲ್ಲಿ ಹೋಗಿ ಕೂತಿತು ಅಂತ ಹೇಳಬೇಕು.

ಇದರಲ್ಲಿ ಗಮನಿಸಬೇಕಾದ್ದು ಒಂದೇ. ಅವರು ಎಲ್ಲ ವಸ್ತುಗಳನ್ನೂ ಹೊಸ ಜಾಗದಲ್ಲಿ ಪ್ರದರ್ಶನಕ್ಕೆ ಇಡಲಿಲ್ಲ, ಅಷ್ಟು ಜಾಗವೂ ಇಲ್ಲ. ಕೆಲವನ್ನು ಜನರ ಮುಂದೆ ಇಟ್ಟರು. ಉಳಿದದ್ದಕ್ಕೆ ಗೋದಾಮು ಉಂಟು, ಪ್ರತಿಯೊಂದಕ್ಕೆ ನಂಬರ್ ಉಂಟು, ಯಾವ ಕಪಾಟಿನ ಯಾವ ಹಲಗೆಯಲ್ಲಿದೆ ಅಂತ ಪಟ್ಟಿ ಉಂಟು. ಮ್ಯೂಸಿಯಂ ಅಂದರೆ ಕಟ್ಟಡವಲ್ಲ, ಆ ಪಟ್ಟಿಯೇ ಮ್ಯೂಸಿಯಂ ಅನ್ನಬಹುದು. ಪಟ್ಟಿ ಇದ್ದರೆ ಸಾಮಾನು ಎಲ್ಲಿಗೆ ಹೋದರೂ ವಾಪಸ್ ಬರುತ್ತದೆ. ಪಟ್ಟಿ ಇಲ್ಲದಿದ್ದರೆ ಮನೆಯೊಳಗೇ ಕಳೆದುಹೋಗುತ್ತದೆ.

ದುಬೈಯಲ್ಲಿ ಇದ್ದವರಿಗೆ ಹತ್ತಿರದ ಉದಾಹರಣೆ ಕೊಡುವುದಾದರೆ ಬರ್ ದುಬೈಯ ಅಲ್ ಫಾಹಿದಿ ಕೋಟೆ. 1787ರ ಕೋಟೆ, 1971ರಲ್ಲಿ ಮ್ಯೂಸಿಯಂ ಆಯಿತು. ಮುತ್ತು ಹೆಕ್ಕುವವರ, ಹಳೆ ಸೂಕ್‌ನ ಬೊಂಬೆಗಳನ್ನು ನೋಡಲು ನಮ್ಮವರು ಎಷ್ಟು ಜನ ಶುಕ್ರವಾರ ಹೋಗಿಲ್ಲ! ಅದು ದುರಸ್ತಿಗೆ ಬಾಗಿಲು ಹಾಕಿದಾಗ ಊರಿನ ಚರಿತ್ರೆ ನೋಡಬೇಕೆಂದವರಿಗೆ ಕ್ರೀಕ್ ದಂಡೆಯ ಅಲ್ ಶಿಂದಗಾ ಮ್ಯೂಸಿಯಂ ಇತ್ತು. ಒಂದು ಮನೆ ಮುಚ್ಚಿದಾಗ ಚರಿತ್ರೆಗೆ ಇನ್ನೊಂದು ಮನೆ ಇತ್ತು ಅಂತ ಅರ್ಥ.

ದೊಡ್ಡ ದೇಶದ ದೊಡ್ಡ ದುಡ್ಡಿನ ಮಾತು ನಮಗೆ ಎಂತಕ್ಕೆ ಅಂತ ಕೇಳುವವರಿಗೆ ಮಕ್ಕತುಲ್ ಮುಕರ್ರಮದ ಕಡೆ ನೋಡಿ ಅಂತ ಹೇಳುತ್ತೇನೆ. 2013ರಿಂದ 2016ರ ನಡುವೆ ಹಜ್ಜೋ ಉಮ್ರಾವೋ ಮಾಡಿದವರು ಕಅಬಾದ ಸುತ್ತ ಎತ್ತರದಲ್ಲಿ ಒಂದು ಉಂಗುರದ ಹಾಗಿನ ಸೇತುವೆ ನೋಡಿರಬಹುದು. ಮತಾಫ್ ಅಗಲ ಮಾಡುವ ಕೆಲಸ ಮುಗಿಯುವವರೆಗೆ ಗಾಲಿಕುರ್ಚಿಯವರಿಗೆ ತವಾಫ್ ತಪ್ಪಬಾರದು ಅಂತ ಹಾಕಿದ ತಾತ್ಕಾಲಿಕ ಮತಾಫ್ ಅದು. ಕೆಲಸ ಮುಗಿದ ಮೇಲೆ ತೆಗೆದರು. ಇದು ಎಲ್ಲರಿಗೂ ಕಂಡದ್ದು. ಎಲ್ಲರಿಗೂ ಕಾಣದ ಕೆಲಸ ಇನ್ನೊಂದುಂಟು. ಮತಾಫಿನ ಅಂಚಿನಲ್ಲಿ ಉಸ್ಮಾನಿ ತುರ್ಕರ ಕಾಲದ, 16ನೇ ಶತಮಾನದ ಸಣ್ಣ ಗುಮ್ಮಟಗಳ ಕಂಬಸಾಲು ಇತ್ತು. ಅದನ್ನು ಒಡೆದು ಹಾಕದೆ ಕಳಚಿ, ಬೇರೆ ಕಡೆ ಸಾಗಿಸಿ, ದುರಸ್ತಿ ಮಾಡಿ, ಮತಾಫ್ ಅಗಲವಾದ ಮೇಲೆ ತಂದು ಮತ್ತೆ ನಿಲ್ಲಿಸಿದರು.

ಅದಲ್ಲದೆ ಮಕ್ಕಾದ ಉಮ್ಮುಲ್ ಜೂದ್‌ನಲ್ಲಿ, ಕಿಸ್ವಾ ನೇಯುವ ಕಾರ್ಖಾನೆಯ ಹತ್ತಿರ, ಎರಡು ಹರಮ್‌ಗಳ ನಿರ್ಮಾಣಕ್ಕೆ ಸಂಬಂಧಿಸಿದ ಒಂದು ಪ್ರದರ್ಶನಾಲಯ ಉಂಟು. ಕಅಬಾದ ಹಳೆ ಬಾಗಿಲು, ಒಳಗೆ ಹತ್ತಲು ಇಡುತ್ತಿದ್ದ ಮರದ ಏಣಿ, ಝಂಝಂ ಬಾವಿಯ ಹಳೆ ಕಟ್ಟೆ ಮತ್ತು ಬಾಲ್ದಿ, ಒಂದು ಕಾಲದಲ್ಲಿ ಕಅಬಾದ ಒಳಗಿದ್ದ ಮರದ ಕಂಬ, ಇವೆಲ್ಲ ಅಲ್ಲಿ ಇವೆ. ಝಿಯಾರತ್ ಬಸ್ಸಿನವರು ಸಮಯ ಉಳಿಸಲು ಅದನ್ನು ಬಿಟ್ಟುಬಿಡುತ್ತಾರೆ. ಹೋಗುವವರು ಕೇಳಿ ಹೋಗಿ. ಹಾಗೆಂದು ಅಲ್ಲಿ ಎಲ್ಲವನ್ನೂ ಉಳಿಸಿದ್ದಾರೆ ಅಂತಲ್ಲ. ಹರಮ್‌ನ ಪಕ್ಕದ ಗುಡ್ಡದ ಮೇಲಿದ್ದ ಅಜ್ಯಾದ್ ಕೋಟೆಯನ್ನು 2002ರಲ್ಲಿ ಗುಡ್ಡ ಸಮೇತ ತೆಗೆದರು, ಅದಕ್ಕೆ ಲೋಕದಲ್ಲೆಲ್ಲ ಬೇಸರ ವ್ಯಕ್ತವಾಯಿತು. ಉಳಿಸಿದ್ದೂ ಹೋದದ್ದೂ ಎರಡೂ ಒಂದೇ ಊರಿನಲ್ಲಿ ಉಂಟು.

ಇದಕ್ಕಿಂತ ಹಿಂದಿನ ಒಂದು ವಿಷಯ ನನಗೆ ಬಹಳ ಇಷ್ಟ. ಮದೀನಾದ ಪಲ್ಲಿಯಲ್ಲಿ ಮಿಂಬರ್ ಬರುವ ಮೊದಲು ನೆಬಿ (ಸ.ಅ.) ಅವರು ಖರ್ಜೂರದ ಒಂದು ಕಾಂಡಕ್ಕೆ ಒರಗಿ ಖುತುಬಾ ಕೊಡುತ್ತಿದ್ದರು. ಮಿಂಬರ್ ಬಂದಾಗ ಆ ಕಾಂಡ ಅತ್ತಿತು ಅನ್ನುವುದು ಮದ್ರಸದ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಆಮೇಲೆ ಆ ಕಾಂಡ ಎಲ್ಲಿ ಹೋಯಿತು ಅಂತ ಕೇಳುವವರು ಕಡಿಮೆ. ಇಬ್ನು ಮಾಜ ವರದಿ ಮಾಡಿದ ಹದೀಸಿನಲ್ಲಿ ಅದೂ ಉಂಟು. ಪಲ್ಲಿಯನ್ನು ಕೆಡವಿ ಬದಲಾಯಿಸಿದಾಗ ಉಬಯ್ಯ್ ಬಿನ್ ಕಅಬ್ (ರ.ಅ.) ಆ ಕಾಂಡವನ್ನು ತಮ್ಮ ಮನೆಗೆ ತೆಗೆದುಕೊಂಡು ಹೋದರು. ಗೆದ್ದಲು ತಿಂದು ಪುಡಿಯಾಗುವವರೆಗೂ ಅದು ಅವರ ಮನೆಯಲ್ಲೇ ಇತ್ತು. ಕಾಂಡವನ್ನು ಹೂತರು ಅನ್ನುವ ಬೇರೆ ವರದಿಯೂ ಉಂಟು. ಏನೇ ಇರಲಿ, ಪಲ್ಲಿಯ ಕೆಲಸದ ಹೊತ್ತಿಗೆ ಒಂದು ಮರದ ತುಂಡಿಗೆ ಮನೆಯಲ್ಲಿ ಜಾಗ ಕೊಟ್ಟ ಸ್ವಹಾಬಿ ಇದ್ದರು. ಹಳೆ ಸಾಮಾನು ಇಡುವುದು ಈ ಕಾಲದ ಹೊಸ ಶೋಕಿ ಅಲ್ಲ.

ಫಿಕ್ಹ್‌ನಲ್ಲಿ ಎಂತ ಹೇಳುತ್ತದೆ? ನಮ್ಮ ದರ್ಸ್‌ಗಳಲ್ಲಿ ಓದುವ ಫತ್‌ಹುಲ್ ಮುಈನ್, ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ಬರೆದ ಕಿತಾಬು. ಅದರ ವಕ್ಫ್‌ನ ಭಾಗದಲ್ಲಿ ಈ ವಿಷಯ ಸ್ಪಷ್ಟವಾಗಿ ಬರುತ್ತದೆ. ವಕ್ಫ್ ಆದದ್ದು ಹಾಳಾದರೂ ಮಾರಲಿಕ್ಕಿಲ್ಲ. ಪಲ್ಲಿ ಬಿದ್ದು ಮತ್ತೆ ಕಟ್ಟಲು ಆಗದಿದ್ದರೂ ಅದು ಯಾರ ಸೊತ್ತಾಗಿಯೂ ತಿರುಗುವುದಿಲ್ಲ. ಬಿದ್ದ ಪಲ್ಲಿಯ ಮರ, ಕಲ್ಲು ನಷ್ಟವಾಗುವ ಹೆದರಿಕೆ ಇದ್ದರೆ ಕಳಚಿ ಜೋಪಾನ ಮಾಡಬೇಕು, ಅಥವಾ ಹಾಕಿಮರಿಗೆ ಸರಿ ಕಂಡರೆ ಇನ್ನೊಂದು ಪಲ್ಲಿಗೆ ಬಳಸಬಹುದು. ಇನ್ನು ಸುಡುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಾರದ ಸವೆದ ಚಾಪೆ, ಮುರಿದ ತೊಲೆಯನ್ನು ಮಾರಬಹುದು ಅಂತ ಇಮಾಂ ನವವಿ (ರ.) ಮಿನ್‌ಹಾಜ್‌ನಲ್ಲಿ ಬಲವಾದ ಅಭಿಪ್ರಾಯವಾಗಿ ಹೇಳಿದ್ದಾರೆ. ಅದರಲ್ಲೂ ವಕ್ಫ್ ಮಾಡಿದ ಚಾಪೆ ಬೇರೆ, ಪಲ್ಲಿಯ ಹಣದಲ್ಲಿ ಖರೀದಿಸಿದ ಚಾಪೆ ಬೇರೆ ಅಂತ ವಿವರಗಳಿವೆ. ಅದನ್ನು ನಿಮ್ಮ ಖಾಝಿಯವರಲ್ಲಿ, ಮುದರ್ರಿಸರಲ್ಲಿ ಕೇಳಿಯೇ ಮಾಡಬೇಕು, ಪೇಪರ್ ಓದಿ ಅಲ್ಲ. ನಾನು ಕೇಳುವುದು ಇಷ್ಟೇ. ನೂರು ವರ್ಷ ಖುತುಬಾ ನಡೆದ, ಇವತ್ತಿಗೂ ಗಟ್ಟಿಯಾಗಿರುವ ಹಲಸಿನ ಮರದ ಮಿಂಬರ್ ಸುಡುವುದಕ್ಕೆ ಮಾತ್ರ ಬರುವ ಸಾಮಾನಾ? ಅದನ್ನು ಲಾಟಿನಲ್ಲಿ ಹಾಕುವ ಮೊದಲು ಯಾರಲ್ಲಿ ಮಸ್‌ಅಲ ಕೇಳಿದ್ದಾರೆ?

ಸರ್ಕಾರದ ಕಾನೂನೂ ಇಲ್ಲಿ ಸುಮ್ಮನಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕೆತ್ತನೆ ಕೆಲಸ ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಚರಿತ್ರೆಯ ಬೆಲೆಯಿರುವ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ಅಂಥದ್ದರ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು. ಲಾರಿ ತಂದು ನಿಲ್ಲಿಸಿದ ವ್ಯಾಪಾರಿಯಲ್ಲಿ ಅದನ್ನು ಕೇಳಿದ ಕಮಿಟಿ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಳೆ ಕಾಗದದ ಬೆಲೆ ಎಂತ ಅಂತ 2025ರಲ್ಲಿ ಎಲ್ಲರಿಗೂ ಗೊತ್ತಾಯಿತು. ವಕ್ಫ್ ಕಾಯ್ದೆಯ ತಿದ್ದುಪಡಿಯಾಗಿ, ಜೂನ್‌ನಲ್ಲಿ ಉಮೀದ್ ಪೋರ್ಟಲ್ ಶುರುವಾಗಿ, ಆರು ತಿಂಗಳೊಳಗೆ ವಕ್ಫ್ ಆಸ್ತಿಯ ವಿವರ ಅದಕ್ಕೆ ಹಾಕಬೇಕು ಅಂತ ಬಂದಾಗ ಮುತವಲ್ಲಿಗಳು, ಸೆಕ್ರೆಟರಿಗಳು ತಗಡಿನ ಪೆಟ್ಟಿಗೆ ಹುಡುಕಲು ಶುರು ಮಾಡಿದರು. ಹಳೆ ಲೆಕ್ಕದ ಪುಸ್ತಕ ಯಾರ ಮನೆಯಲ್ಲಿ? ಆ ಜಾಗ ಬಿಟ್ಟುಕೊಟ್ಟವರ ಕಾಗದ ಎಲ್ಲಿ? ಹಿಂದಿನ ಸಲ ಪಲ್ಲಿ ಕಟ್ಟುವಾಗ ಇತ್ತು, ಆಮೇಲೆ ನೋಡಿದ್ದಿಲ್ಲ. ಈ ಮಾತನ್ನು ಒಂದಲ್ಲ, ಹಲವು ಕಡೆ ಕೇಳಿದ್ದೇನೆ. ಹಿಂದಿನ ಸಲ ಪಲ್ಲಿ ಕಟ್ಟುವಾಗ ಅನ್ನುವ ಆ ನಾಲ್ಕು ಶಬ್ದದಲ್ಲಿ ಎಲ್ಲ ಉಂಟು. ಹಳೆ ಕಟ್ಟಡದಲ್ಲಿ ಇದ್ದಷ್ಟು ಕಾಲ ಕಾಗದ ಅಟ್ಟದಲ್ಲಿ ಸುರಕ್ಷಿತವಾಗಿತ್ತು, ಹೊಸ ಕಟ್ಟಡಕ್ಕೆ ಬಂದಿದ್ದರೆ ಅಲ್ಮಾರಿಯಲ್ಲಿ ಇರುತ್ತಿತ್ತು. ಕಳೆದುಹೋದದ್ದು ಎರಡರ ನಡುವೆ.

ನಮ್ಮದೇ ಕರಾವಳಿಯಲ್ಲಿ ಒಳ್ಳೆಯ ಮಾದರಿ ಇಲ್ಲವಾ ಅಂದರೆ ಉಂಟು. ಮಂಗಳೂರು ಬಂದರಿನ ಝೀನತ್ ಬಕ್ಷ್ ಪಲ್ಲಿ ಮಾಲಿಕ್ ದೀನಾರರ ಬಳಗದ ಕಾಲದ್ದು ಅಂತ ಪರಂಪರೆ ಹೇಳುತ್ತದೆ. ಟಿಪ್ಪು ಸುಲ್ತಾನರ ಕಾಲದಲ್ಲಿ ನವೀಕರಣವಾಯಿತು ಎನ್ನುತ್ತಾರೆ. ಆಮೇಲೆ ಎಷ್ಟೋ ಬದಲಾವಣೆ ಆದರೂ ಒಳಗಿನ ಮರದ ಕಂಬಗಳು, ಕೆತ್ತನೆ ಇವತ್ತಿಗೂ ಅಲ್ಲೇ ಇವೆ. ಕೋಝಿಕ್ಕೋಡಿನ ಕುಟ್ಟಿಚ್ಚಿರದ ಮಿಶ್ಕಾಲ್ ಪಲ್ಲಿಗೆ 1510ರಲ್ಲಿ ಪೋರ್ಚುಗೀಸರು ಬೆಂಕಿ ಹಾಕಿದರು. ಸುಟ್ಟ ಗುರುತಿರುವ ಮರವನ್ನು ಅಲ್ಲಿಯ ಜನ ಇವತ್ತಿಗೂ ಉಳಿಸಿಕೊಂಡಿದ್ದಾರೆ. ಸುಟ್ಟ ಮರ ಚಂದ ಕಾಣುವುದಿಲ್ಲ ಅಂತ ಪೇಂಟ್ ಹೊಡೆಯಲಿಲ್ಲ. ಕೊಡುಂಗಲ್ಲೂರಿನ ಚೇರಮಾನ್ ಪಲ್ಲಿಯಲ್ಲಿ ಅದಕ್ಕಿಂತ ಆಶ್ಚರ್ಯದ ಕೆಲಸ ನಡೆಯಿತು. ಜನ ಹೆಚ್ಚಾದ ಹಾಗೆ ಮುಂದೆ ಹಿಂದೆ ಸೇರಿಸಿದ್ದ ಕಾಂಕ್ರೀಟ್ ಭಾಗಗಳನ್ನು ಮುಝಿರಿಸ್ ಪಾರಂಪರಿಕ ಯೋಜನೆಯಲ್ಲಿ ತೆಗೆದು, ಹಳೆ ಹಂಚಿನ ಮಾಡಿನ ರೂಪವನ್ನು ವಾಪಸ್ ತಂದರು. ಜನರಿಗೆ ನಮಾಝಿಗೆ ಜಾಗ ನೆಲದಡಿ ಮಾಡಿದರು. ಅದಕ್ಕೆ ಸರ್ಕಾರದ ಬೆಂಬಲ ಇತ್ತು, ನಮ್ಮ ಸಣ್ಣ ಮೊಹಲ್ಲಾಕ್ಕೆ ಅಷ್ಟು ಸಾಧ್ಯವಿಲ್ಲ. ಒಪ್ಪುತ್ತೇನೆ. ನಮಗೆ ಬೇಕಾದ್ದು ಒಂದು ರೂಮು.

ಆ ರೂಮು ಹೇಗಿರಬೇಕು ಅಂತ ಬರೆಯುತ್ತೇನೆ, ಯಾಕೆಂದರೆ ಕೆಲಸ ಕೆಡುವುದು ಇಲ್ಲೇ. ಮದ್ರಸದ ಒಂದು ಕ್ಲಾಸ್ ಸಾಕು, ಅಥವಾ ಜಮಾಅತಿನ ಒಬ್ಬರ ಮನೆಯ ಮೇಲಿನ ಕೋಣೆ. ಶೀಟಿನ ಶೆಡ್ ಬೇಡ. ನಮ್ಮ ಮಳೆಗೆ ನಾಲ್ಕು ತಿಂಗಳಲ್ಲಿ ಎಲ್ಲ ಬೂಸು ಹಿಡಿಯುತ್ತದೆ, ಬೇಸಿಗೆಯಲ್ಲಿ ಮರ ಬಿರಿಯುತ್ತದೆ. ನೆಲದ ಮೇಲೆ ನೇರ ಏನೂ ಇಡಬಾರದು. ಕೆಳಗೆ ಕಲ್ಲು, ಅದರ ಮೇಲೆ ಹಲಗೆ, ಗೋಡೆಯಿಂದ ಒಂದು ಗೇಣು ದೂರ. ಗೆದ್ದಲು ಬರುವ ದಾರಿ ಕಣ್ಣಿಗೆ ಕಾಣುವ ಹಾಗಿರಬೇಕು. ಟಾರ್ಪಾಲ್ ಸುತ್ತಿ ಬಿಗಿಯಾಗಿ ಕಟ್ಟಿದರೆ ಒಳಗೆ ಬೆವರಿ ಇನ್ನೂ ಬೇಗ ಹಾಳು. ಹತ್ತಿ ಬಟ್ಟೆ ಹೊದೆಸಿದರೆ ಸಾಕು, ಗಾಳಿ ಆಡುತ್ತದೆ. ಮಿಂಬರಿಗೆ ಚಂದ ಕಾಣಲಿ ಅಂತ ವಾರ್ನಿಶ್, ಬಂಗಾರದ ಬಣ್ಣ ಹೊಡೆಯುವ ಹುಚ್ಚು ಉಂಟಲ್ಲ, ಅದು ಬೇಡವೇ ಬೇಡ. ಕೈಬರಹದ ಹಾಳೆಗಳನ್ನು ಲ್ಯಾಮಿನೇಷನ್ ಮಾಡಬಾರದು. ಒಮ್ಮೆ ಮಾಡಿದರೆ ಆ ಪ್ಲಾಸ್ಟಿಕ್‌ನಿಂದ ಕಾಗದ ಬಿಡಿಸಲು ಆಗುವುದಿಲ್ಲ. ಹರಿದ ಕಡೆ ಸೆಲ್ಲೋಟೇಪ್ ಸಹ ಬೇಡ.

ಕೆಡವುವ ಮೊದಲು ಫೋಟೋ. ಇದ್ದ ಜಾಗದಲ್ಲೇ ಇರುವಾಗ ತೆಗೆಯಬೇಕು. ಮಿಂಬರ್ ಮೆಹ್ರಾಬಿನ ಯಾವ ಬದಿ ಇತ್ತು, ಹಲಗೆ ಯಾವ ಬಾಗಿಲ ಮೇಲೆ ಇತ್ತು ಅಂತ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಅರಬಿ ಬರಹ ಇದ್ದರೆ ಅಡ್ಡ ಬೆಳಕಿನಲ್ಲಿ, ಮೊಬೈಲ್ ಟಾರ್ಚನ್ನು ಬದಿಯಿಂದ ಹಿಡಿದು ತೆಗೆಯಿರಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಗೋಡೆಯ ಬರಹ, ಕಲ್ಲಿನ ಗುರುತು, ನೆರೆಯ ಗೀಟು ಏನಿದ್ದರೂ ಅಳತೆ ಪಟ್ಟಿ ಪಕ್ಕ ಹಿಡಿದು ತೆಗೆಯಬೇಕು. ಆಮೇಲೆ ಪ್ರತಿಯೊಂದಕ್ಕೂ ದಾರದಲ್ಲಿ ಒಂದು ಚೀಟಿ, ನಂಬರ್. ಕೆತ್ತನೆಯ ಬಾಗಿಲು, ತೊಲೆ ಬಿಚ್ಚುವುದಾದರೆ ತುಂಡು ತುಂಡಿಗೂ ನಂಬರ್. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಊರೂರಿನ ಹಳೆ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪದಲ್ಲಿ ಮತ್ತೆ ಜೋಡಿಸಿದರಲ್ಲ, ಕಳಚಿದ ಮನೆ ಮತ್ತೆ ನಿಲ್ಲುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಪಟ್ಟಿಯನ್ನು ಮೂರು ಪ್ರತಿ ಮಾಡಿ ಒಂದು ಕಮಿಟಿಗೆ, ಒಂದು ಖತೀಬರಿಗೆ, ಒಂದು ಆ ರೂಮಿನ ಬಾಗಿಲ ಒಳಗೆ. ಬೀಗದ ಕೈ ಎರಡು ಜನರಲ್ಲಿ. ಕಮಿಟಿ ಬದಲಾದಾಗ ಹಣದ ಲೆಕ್ಕ ಒಪ್ಪಿಸುವ ಹಾಗೆ ಪಟ್ಟಿಯನ್ನೂ ಓದಿ ಒಪ್ಪಿಸಬೇಕು.

ಕಿತಾಬುಗಳನ್ನು ಮಾತ್ರ ಓದಲು ಗೊತ್ತಿರುವವರೇ ಬೇರ್ಪಡಿಸಬೇಕು. ಅಚ್ಚಿನ ಹರಿದ ಮುಸ್‌ಹಫ್‌ಗೆ ಶರೀಅತ್ ಹೇಳಿದ ದಾರಿ ಉಂಟು, ಅದನ್ನು ಮಾಡಿ. ಕೈಬರಹ, ಅರಬಿ ಮಲಯಾಳಂ, ಲೆಕ್ಕದ ಪುಸ್ತಕ, ನಿಕಾಹ್ ರಿಜಿಸ್ಟರ್ ಇವು ಹೊಳೆಗೂ ಬೇಡ, ಮಣ್ಣಿಗೂ ಬೇಡ. ನಮ್ಮ ಅಜ್ಜಂದಿರು ಲೆಕ್ಕ, ಪತ್ರ ಎಲ್ಲ ಅರಬಿ ಮಲಯಾಳಂ ಲಿಪಿಯಲ್ಲೇ ಬರೆಯುತ್ತಿದ್ದರು. ಈಗಿನ ಮಕ್ಕಳಿಗೆ ಅದನ್ನು ನೋಡಿದರೆ ಕುರ್‌ಆನ್ ಅಂತಲೇ ಅನಿಸುತ್ತದೆ. ಹೀಗೆ ಎಷ್ಟೋ ಮನೆಗಳಲ್ಲಿ ಅಡಿಕೆ ಮಾರಿದ ಲೆಕ್ಕಕ್ಕೆ ಮುತ್ತು ಕೊಟ್ಟು ಮೇಲೆ ಎತ್ತಿ ಇಟ್ಟಿದ್ದಾರೆ! ನಗಬೇಡಿ, ಅದರಿಂದಾಗಿಯೇ ಅವು ಉಳಿದಿವೆ.

ಒಂದು ಮೊಹಲ್ಲಾದಲ್ಲಿ ನಾನು ನೋಡಿದ್ದು ಹೇಳುತ್ತೇನೆ. ಪಲ್ಲಿಯ ಕೆಲಸ ಶುರುವಾಗುವಾಗ ಮದ್ರಸದ ಕೊನೆಯ ಕ್ಲಾಸನ್ನು ಖಾಲಿ ಮಾಡಿ ಸಾಮಾನು ಇಟ್ಟರು. ಮೂರನೇ ತರಗತಿಯ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿದರು, ಸ್ವಲ್ಪ ಗೊಣಗಾಟ ಆಯಿತು. ಒಂದು ಭಾನುವಾರ ಆ ಕ್ಲಾಸನ್ನು ಗುಡಿಸಿ, ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಕಿ, ಹೆಂಗಸರಿಗೂ ಮಕ್ಕಳಿಗೂ ನೋಡಲು ಬಿಟ್ಟರು. ಯಾರಿಗೂ ಇಷ್ಟು ಜನ ಬಂದಾರು ಅಂತ ಅಂದಾಜು ಇರಲಿಲ್ಲ. ಲುಹರ್‌ನಿಂದ ಮಗ್ರಿಬ್‌ವರೆಗೆ ಜನ. ವಯಸ್ಸಾದ ಒಬ್ಬರು ಉಮ್ಮ ಮಿಂಬರಿನ ಮೆಟ್ಟಿಲು ಮುಟ್ಟಿ ನೋಡಿ, ಇದು ಇಷ್ಟು ಸಣ್ಣದಾ ಅಂತ ಕೇಳಿದರು. ಅವರ ಗಂಡನ ತಂದೆ ಆ ಪಲ್ಲಿಯ ಮುಕ್ರಿಯಾಗಿದ್ದವರು. ದಿನಾ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ಪಲ್ಲಿಯ ಡಬ್ಬಿಗೆ ತೆಗೆದಿಟ್ಟವರು ಇವರು. ಅರವತ್ತು ವರ್ಷ ಪಕ್ಕದಲ್ಲೇ ಬದುಕಿದರೂ ಒಳಗಿನ ಮಿಂಬರ್ ಕಂಡದ್ದು ಅವತ್ತೇ. ಇನ್ನೊಬ್ಬರು ಲೆಕ್ಕದ ಪುಸ್ತಕದಲ್ಲಿ ತನ್ನ ಉಮ್ಮಾಮಳ ಹೆಸರು ಓದಿಸಿಕೊಂಡರು. ಪಲ್ಲಿಯ ದೀಪಕ್ಕೆ ಎಣ್ಣೆ ಕೊಟ್ಟದ್ದು ಅಂತ ಬರೆದಿತ್ತು. ಆ ಹೆಂಗಸಿನ ಹೆಸರು ಬರೆದ ಕಾಗದ ಲೋಕದಲ್ಲಿ ಬೇರೆಲ್ಲೂ ಇರಲಾರದು.

ಆ ಭಾನುವಾರದ ಮೇಲೆ ಊರಿನ ಮನೆಗಳಿಂದಲೂ ಸಾಮಾನು ಬರಲು ಶುರುವಾಯಿತು. ಒಬ್ಬರು ಹಳೆ ಹಜ್ಜಿನ ಕಾಲದ ಹಡಗಿನ ಟಿಕೆಟ್ ತಂದರು, ಮತ್ತೊಬ್ಬರು ಅಜ್ಜನ ಮರದ ಮೆಟ್ಟು. ಕಮಿಟಿಯವರಿಗೆ ತಲೆನೋವಾಯಿತು. ಎಲ್ಲ ತೆಗೆದುಕೊಂಡರೆ ಇಡುವುದು ಎಲ್ಲಿ? ಕೊನೆಗೆ ಫೋಟೋ ತೆಗೆದು, ಯಾರದ್ದು ಅಂತ ಬರೆದು, ಸಾಮಾನನ್ನು ಆಯಾ ಮನೆಗೇ ವಾಪಸ್ ಕೊಟ್ಟರು. ಒಳ್ಳೆಯ ತೀರ್ಮಾನ. ಎಲ್ಲವನ್ನೂ ಒಂದು ಕಡೆ ಗುಡ್ಡೆ ಹಾಕಬೇಕು ಅಂತೇನೂ ಇಲ್ಲ.

ಇದಕ್ಕೆ ಎರಡು ಆಕ್ಷೇಪ ಕೇಳಿದ್ದೇನೆ. ಹಳೆ ವಸ್ತು ಇಟ್ಟರೆ ನಾಳೆ ಜನ ಅದಕ್ಕೆ ಹರಕೆ ಹೊರುತ್ತಾರೆ, ಬೇಡದ ನಂಬಿಕೆ ಹುಟ್ಟುತ್ತದೆ ಅನ್ನುವುದು ಒಂದು. ಹೆದರಿಕೆ ಪೂರ್ತಿ ಸುಳ್ಳಲ್ಲ. ಅದಕ್ಕೆ ಮದ್ದು ವಸ್ತುವನ್ನು ಬಿಸಾಡುವುದಲ್ಲ, ಅದರ ಪಕ್ಕ ಇದು ಇಂಥ ವರ್ಷದ ಮಿಂಬರ್, ಇಂಥ ಮರದ್ದು ಅಂತ ಚೀಟಿ ಬರೆದು ಇಡುವುದು. ಗುಟ್ಟಾಗಿ ಕತ್ತಲೆಯಲ್ಲಿ ಇಟ್ಟದ್ದಕ್ಕೆ ಕಥೆ ಹುಟ್ಟುತ್ತದೆ. ಬೆಳಕಿನಲ್ಲಿ ವಿವರ ಬರೆದು ಇಟ್ಟದ್ದಕ್ಕೆ ಹುಟ್ಟುವುದು ಕಡಿಮೆ. ಇನ್ನೊಂದು ಆಕ್ಷೇಪ, ಪಲ್ಲಿಗೇ ಹಣ ಸಾಲದು, ಇದಕ್ಕೆ ಎಲ್ಲಿಂದ? ಮೇಲೆ ಹೇಳಿದ್ದಕ್ಕೆ ಹೊಸ ಪಲ್ಲಿಯ ಒಂದು ಝೂಮರ್ ದೀಪದಷ್ಟೂ ಖರ್ಚಿಲ್ಲ. ಝೂಮರ್ ಬೇಡ ಅಂತ ನಾನು ಹೇಳುತ್ತಿಲ್ಲ.

ಬ್ಯಾರಿ ಭಾಷೆಗೆ 2009ರಿಂದ ಸಾಹಿತ್ಯ ಅಕಾಡೆಮಿ ಉಂಟು, ಪುಸ್ತಕ ಬಂತು, ಶಬ್ದಗಳು ದಾಖಲಾದವು. ತುಳುವರ ಬದುಕ ವಸ್ತುಗಳನ್ನು ಪ್ರೊ. ತುಕಾರಾಮ ಪೂಜಾರಿಯವರು ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಒಬ್ಬರೇ ಹೊತ್ತುಕೊಂಡು ಸಂಗ್ರಹಿಸಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ. ಮಂಗಳೂರು ಬಿಜೈಯ ಸರ್ಕಾರಿ ಮ್ಯೂಸಿಯಂ ಕೂಡ ಡಾಕ್ಟರ್ ಒಬ್ಬರು ತಾಯಿ ಶ್ರೀಮಂತಿ ಬಾಯಿಯವರ ನೆನಪಿಗೆ ಬಿಟ್ಟುಕೊಟ್ಟ ಬಂಗಲೆಯಲ್ಲೇ ಶುರುವಾದದ್ದು. ಬ್ಯಾರಿಗಳದ್ದೂ ಒಂದು ಆಗಬೇಕು ಅಂತ ವೇದಿಕೆಗಳಲ್ಲಿ ಮಾತು ಬರುತ್ತದೆ. ಆಗಲಿ. ಆದರೆ ಅದು ಆಗುವ ದಿನ ಒಳಗೆ ಇಡಲು ಸಾಮಾನು ಉಳಿದಿರಬೇಕಲ್ಲ.

ಹೊಸ ಪಲ್ಲಿ ಆದ ಮೇಲೆ ಆ ರೂಮಿನದ್ದನ್ನು ಎಂತ ಮಾಡುವುದು ಅನ್ನುವುದಕ್ಕೆ ಕೆಲವು ದಾರಿಗಳಿವೆ. ಮಿಂಬರ್ ಗಟ್ಟಿ ಇದ್ದರೆ ಹೊಸ ಪಲ್ಲಿಯಲ್ಲೇ ಬಳಸಬಹುದು. ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ವಕ್ಫ್ ಮಾಡಿದವರ ಉದ್ದೇಶವೂ ಅದೇ. ಹೆಸರಿನ ಹಲಗೆಯನ್ನು ಹೊಸ ಗ್ರಾನೈಟ್ ಹಲಗೆಯ ಕೆಳಗೆ ಕೂರಿಸಬಹುದು, ಮೊದಲು ಕಟ್ಟಿದವರ ಹೆಸರೂ ಇರಲಿ. ಕಿತಾಬಿಗೆ ಮದ್ರಸದಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು. ಆದರೆ ಈ ಜಾಗವನ್ನು ಇಂಜಿನಿಯರ್ ಪ್ಲ್ಯಾನ್ ಮಾಡುವಾಗಲೇ ಕೇಳಬೇಕು. ಆಮೇಲೆ ಕೇಳಿದರೆ ಸಿಗುವುದು ಜನರೇಟರ್ ಇಡುವ ರೂಮು, ಇಲ್ಲವೇ ಮೆಟ್ಟಿಲಿನ ಅಡಿ. ಮಳೆ ಬಿಟ್ಟ ಮೇಲೆ ಕೆಲಸ ಶುರು ಮಾಡುವ ಅಂತ ಇರುವ ಜಮಾಅತಿನವರು ಮುಂದಿನ ಮೀಟಿಂಗಿನಲ್ಲಿ ನಮಾಝಿನ ಶೆಡ್ಡಿನ ವಿಷಯದ ಕೆಳಗೆ ಇದಕ್ಕೂ ಒಂದು ಸಾಲು ಹಾಕಿಕೊಳ್ಳಿ. ಫೋಟೋ ತೆಗೆಯಲು, ನಂಬರ್ ಕಟ್ಟಲು ಮದ್ರಸದ ಹತ್ತನೇ ತರಗತಿಯ ಮಕ್ಕಳನ್ನು ಕರೆಯಿರಿ. ಅವರ ಕೈಯಲ್ಲಿ ಹೇಗೂ ಮೊಬೈಲ್ ಉಂಟು.